ಸೊಸೆಯ ಕಿವಿ ತೋರಿಸಲು ಸೋಲಾಪುರಕ್ಕೆ

ಅಕ್ಕಲಕೋಟದ ನಮ್ಮ ಮನೆಯಿಂದ ರೈಲು ಸ್ಟೇಷನ್ ಏಳು ಮೈಲಿ. ಬೆಳಿಗ್ಗೆ ಟಾಂಗಾ ಬಂದು ನಿಂತಿತು. ಸೊಸೆ ಸುಶೀಲಾ ಹತ್ತುವಷ್ಟರಲ್ಲಿ ನನ್ನ ಹೆಂಡತಿ ಬೆಚ್ಚಗಿನ ಎಣ್ಣೆಯ ಬಟ್ಟಲು ಹಿಡಿದು ಓಡಿ ಬಂದಳು.

“ಥಂಡಿ ಗಾಳಿ ಐತಿ, ಬಗ್ಗು ಯವ್ವಾ,” ಎಂದು ಅವಳ ಎರಡೂ ಕಿವಿಗೆ ಎಣ್ಣೆ ಹನಿಸಿ ಅರಳೆ ತುರುಕಿದಳು.

ನಾವು ಹೊರಟದ್ದು ಸೋಲಾಪುರದ ಡಾಕ್ಟರರ ಹತ್ತಿರ. ಸುಶೀಲಾ ಮದುವೆಗೆ ಮುಂಚೆ ಮುಂಬಯಿಯಲ್ಲಿ ವಿಮಾನ ಹಾರಿಸಲು ಕಲಿತು ಲೈಸೆನ್ಸ್ ಪಡೆದವಳು. ನನ್ನ ಮಗನ ಬಟ್ಟೆ ಅಂಗಡಿ ನೈರೋಬಿಯಲ್ಲಿದೆ. ಶನಿವಾರದ ಹಡಗಿಗೆ ಅವಳೂ ಅಲ್ಲಿಗೆ ಹೊರಡಬೇಕು. ಪರದೇಶದಲ್ಲಿ ಹಾರಲು ಇರುವ ದಾರಿಗಳನ್ನು ಟಾಂಗಾದಲ್ಲಿ ನನಗೆ ವಿವರಿಸಿದಳು. ಇಲ್ಲಿನ ಲೈಸೆನ್ಸಿಗೇ ಅಲ್ಲಿನವರ ಒಪ್ಪಿಗೆಯ ಮುದ್ರೆ ಹಾಕಿಸಬಹುದು. ಅದಕ್ಕೆ ಹೊಸದಾಗಿ ಡಾಕ್ಟರರ ಸರ್ಟಿಫಿಕೇಟು ಬೇಕು. ಇಲ್ಲವಾದರೆ ಅಲ್ಲಿ ಮತ್ತೆ ಪರೀಕ್ಷೆಗೆ ಕೂತು ಅವರದೇ ಲೈಸೆನ್ಸ್ ಪಡೆಯಬೇಕು.

“ಮೂರನೇದು ಐತೇನವಾ?”

“ಹಿಂದಿನ ಸೀಟಿನ್ಯಾಗ ಸುಮ್ನ ಕೂಡೂದ್ರಿ, ಮಾವಾರ.”

“ಅದ ಚಲೋ ದಾರಿ ನೋಡು,” ಎಂದೆ. ನಮ್ಮ ಅಕ್ಕಲಕೋಟ ಸಂಸ್ಥಾನದ ಗಡಿ ದಾಟುವುದನ್ನೇ ಪರದೇಶ ಪ್ರಯಾಣವೆಂದು ಎಣಿಸಿ, ಚಳಿಗಾಲದಲ್ಲೂ ಎರಡು ಕೊಡೆ ಹಿಡಿದು ಹೊರಡುವ ಮನುಷ್ಯ ನಾನು.

ರೈಲಿನ ಮೂರನೇ ದರ್ಜೆಯಲ್ಲಿ ಕೂತು ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಂಡು ತಿಂದೆವು. ಹೋಟಗಿ ದಾಟುವ ತನಕ ಅವಳ ಕಣ್ಣಿನ ಬಗ್ಗೆ ಚಿಂತಿಸಿದೆ, ಆಮೇಲೆ ಎದೆಯ ಬಗ್ಗೆ ಚಿಂತಿಸಿದೆ. ಕಿವಿ ಮಾತ್ರ ನೆನಪಾಗಲಿಲ್ಲ.

ಡಾಕ್ಟರರು ಮರುದಿನವೇ ಜಿಲ್ಲೆಯ ತಿರುಗಾಟಕ್ಕೆ ಹೊರಡುವವರು, ಪರೀಕ್ಷೆ ಅಂದೇ ಮುಗಿಯಬೇಕಿತ್ತು. ಅರಳೆ ತೆಗೆಸಿ, ಸುಶೀಲಾಳ ಬೆನ್ನ ಹಿಂದೆ ದೂರ ನಿಂತು, ಕಿವಿ ಪರೀಕ್ಷಿಸಲು ಏನೋ ಪಿಸುಗುಟ್ಟಿದರು.

“ಏನಂದ್ರಿ?” ಎಂದಳು ಅವಳು.

ನಾನು ಬೆಂಚಿನಿಂದ ಎದ್ದು ನಿಂತೆ. ಡಾಕ್ಟರರು ದೀಪ ಹಿಡಿದು ಕಿವಿಯೊಳಗೆ ಇಣುಕಿದರು. “ಅರೇ ದೇವಾ! ಎಣ್ಣಿ ತುಂಬೈತಲ್ರಿ! ಯಾರ್ ಹಾಕ್ಯಾರ?”

“ನಮ್ಮತ್ತಿಯಾರು,” ಎಂದಳು ಸುಶೀಲಾ.

ನರ್ಸಬಾಯಿ ಪಿಚಕಾರಿಯಿಂದ ನೀರು ಬಿಟ್ಟು ಕಿವಿ ತೊಳೆದರು. ಈಗ ಪಿಸುಮಾತು ಒಂದೂ ತಪ್ಪಲಿಲ್ಲ. ಆದರೆ ಪರೀಕ್ಷೆ ಇನ್ನೂ ಇತ್ತು: ಕಣ್ಣು ಮುಚ್ಚಿ ಒಂಟಿಕಾಲಲ್ಲಿ ನಿಲ್ಲಬೇಕು.

“ಕಿವಿ ತೊಳದಮ್ಯಾಲ ತಲಿ ತಿರಗತೈತಿ. ಸ್ವಲ್ಪ ಕೂಡ್ರಿ,” ಎಂದರು ಡಾಕ್ಟರರು.

“ಬ್ಯಾಡ್ರಿ, ನಿಂದರತೀನಿ,” ಎಂದು ಎದ್ದಳು. ಒಂದು ಕಾಲು ಎತ್ತಿದಳು, ಸ್ವಲ್ಪ ಓಲಾಡಿದಳು, ಆಮೇಲೆ ಕಂಬದ ಹಾಗೆ ನಿಂತುಬಿಟ್ಟಳು. ನನಗೆ ಅರಿವಿಲ್ಲದೆ ನಾನೂ ಒಂದು ಕಾಲು ಎತ್ತಿದ್ದೆ. ಧಡ್ಡೆಂದು ಬೆಂಚಿಗೆ ಬಿದ್ದೆ.

“ನಿಮಗ ಲೈಸೆನ್ಸ್ ಸಿಗಂಗಿಲ್ರಿ ಅಪ್ಪಾರ,” ಎಂದು ನಗುತ್ತ ಡಾಕ್ಟರರು ಅವಳ ಸರ್ಟಿಫಿಕೇಟಿಗೆ ಸಹಿ ಹಾಕಿದರು.

ಹಿಂದಿರುಗುವ ರೈಲಿನ ಡಬ್ಬಿಯಲ್ಲಿ ಕೇಳಿದವರಿಗೂ ಕೇಳದವರಿಗೂ “ನಮ್ಮ ಸೊಸಿ ವಿಮಾನ ಹಾರಸ್ತಾಳ” ಎಂದೆ. ಚಪಳಗಾಂವದ ರೈತನೊಬ್ಬ ಅವಳನ್ನು ದಿಟ್ಟಿಸಿ, “ಮತ್ತ ನೀವು ಯಾಕ ಸಂಗಾಟ ಬಂದೀರಿ?” ಎಂದ. ನಾನು ಕೊಡೆ ತೋರಿಸಿದೆ.

ಟಾಂಗಾದಲ್ಲಿ ಸುಶೀಲಾಳನ್ನು ಕೇಳಿದೆ: “ಕಿವಿ ನೋಡತಾರಂತ ಗೊತ್ತಿತ್ತಲ್ಲ, ಬ್ಯಾಡ ಅನ್ನಬೇಕಿತ್ತಿಲ್ಲೋ?”

“ಅತ್ತಿಯಾರು ಎಣ್ಣಿ ಬೆಚ್ಚಗ ಮಾಡಕೊಂಡು ಓಡಿ ಬಂದಿದ್ರಲ್ರಿ, ಮಾವಾರ. ಹ್ಯಾಂಗ ಬ್ಯಾಡ ಅನ್ಲಿ?”

ಮನೆ ಮುಟ್ಟಿದ ಕೂಡಲೇ ಹೆಂಡತಿ, “ನನ್ನ ಎಣ್ಣಿ ಉಪಯೋಗ ಆತಿಲ್ಲೋ?” ಎಂದಳು.

“ಆತ್ರಿ ಅತ್ತಿ. ಡಾಕ್ಟರರು ಮೊದಲ ಅದನ್ನ ನೋಡಿದ್ರು.”

ಗುರುವಾರ ಮುಂಬಯಿಗೆ ಹೊರಡಲು ಟಾಂಗಾ ಬಂದಾಗ, ಯಾರೂ ಹೇಳದೆ ಸುಶೀಲಾ ಅತ್ತೆಯ ಮುಂದೆ ಬಗ್ಗಿ ಕಿವಿ ಒಡ್ಡಿದಳು.