ಕಡಲೆ ಹುಳಿ ಹಿಂಡುವ ಹೊತ್ತು

ಮೊನ್ನೆ ಬೈಲಹೊಂಗಲದ ಬಸ್‌ಸ್ಟ್ಯಾಂಡಿನ ಎದುರು ಒಬ್ಬಾಕೆ ಹಸಿ ಕಡಲೆಗಿಡಗಳ ಸಿವುಡು ಹರವಿಕೊಂಡು ಕುಳಿತಿದ್ದಳು. ಚೌಕಾಸಿ ಮಾಡದೆ ಕೊಂಡದ್ದು ನನಗೆ ಅರಗುವುದಿಲ್ಲ. ಅದನ್ನು ಮುಗಿಸಿಯೇ ಒಂದು ಸಿವುಡು ಎತ್ತಿಕೊಂಡೆ. ದಾರಿಯಲ್ಲಿ ಯಾಕೋ ಬೆರಳು ಬಾಯಿಗೆ ಹೋಯಿತು. ಹುಳಿ! ನಡುರಸ್ತೆಯಲ್ಲಿ ನಿಂತುಬಿಟ್ಟೆ. ಹಿಂದಿನಿಂದ ಬಂದ ಮೋಟಾರ್ ಸೈಕಲ್ಲಿನವನು, "ಅಜ್ಜೀ, ಬದಿಗೆ ಸರೀರಿ" ಎಂದು ಗದರಿಸಿ ಹೋದ. ಅಜ್ಜಿಯಂತೆ. ಇರಲಿ, ಸುಳ್ಳೇನಲ್ಲ.

ಕಡಲೆಗಿಡದ ಹುಳಿಯ ಸಂಗತಿ ನಿಮಗೆ ಗೊತ್ತಿಲ್ಲದಿದ್ದರೆ ಹೇಳಿಬಿಡುತ್ತೇನೆ. ಚಳಿಗಾಲದಲ್ಲಿ ಆ ಗಿಡದ ಎಲೆ ಹುಳಿ ಬಿಡುತ್ತದೆ, ಮೇಲೆ ಇಬ್ಬನಿ ಕೂರುತ್ತದೆ. ಸಂಜೆ ಗಿಡಗಳ ಮೇಲೆ ತೆಳ್ಳನೆಯ ಬಿಳಿ ಧೋತರ ಹಾಸಿ ಬರಬೇಕು. ಬಿಸಿಲೇರುವ ಮೊದಲು ಹೋಗಿ, ತೊಯ್ದ ಆ ಅರಿವೆಯನ್ನು ಹಿಂಡಿ ಬಾಟಲಿಯಲ್ಲಿ ತುಂಬಬೇಕು. ಹೊಟ್ಟೆನೋವಿಗೆ ಅದರಂಥ ಮದ್ದಿಲ್ಲ ಎನ್ನುತ್ತಿದ್ದರು ನಮ್ಮ ಅತ್ತೆ. ಅವರ ಮಟ್ಟಿಗೆ ಅದು ಹೊಟ್ಟೆನೋವಿಗಷ್ಟೇ ಮದ್ದಾಗಿರಲಿಲ್ಲ ಎಂಬುದು ನನಗೆ ತಡವಾಗಿ ತಿಳಿಯಿತು.

ತೊಂಬತ್ತರ ದಶಕದ ಮೊದಲಲ್ಲಿ ನಾನು ರಾಮದುರ್ಗದ ಒಬ್ಬ ಸಾಲಿ ಮಾಸ್ತರರ ಮನೆಯಿಂದ ಬೈಲಹೊಂಗಲದ ಈ ವಾಡೆಗೆ ಸೊಸೆಯಾಗಿ ಬಂದೆ. ಊರಿಗೆ ದೊಡ್ಡಮನೆ. ಮನೆತನದ ಪದ್ಧತಿಯಂತೆ ಮದುವೆಯ ದಿನ ನನಗೆ ಹೊಸ ಹೆಸರಿಟ್ಟರು. ಚಂದದ ಹೆಸರೇ. ಆದರೆ ಆ ಹೆಸರಿನಿಂದ ಯಾರಾದರೂ ಕರೆದರೆ, ಇನ್ಯಾರನ್ನೋ ಕರೆಯುತ್ತಿದ್ದಾರೆಂದು ನಾನು ಸುಮ್ಮನೆ ನಿಂತಿರುತ್ತಿದ್ದೆ. ಸೊಸೆಗೆ ಕಿವಿ ಮಂದ ಎಂಬ ಸುದ್ದಿಯೂ ಕೆಲದಿನ ಹಬ್ಬಿತ್ತು.

ವಾಡೆಯಲ್ಲಿ ಹೆಂಗಸರು ತಲೆಬಾಗಿಲು ದಾಟುವಂತಿರಲಿಲ್ಲ. "ದೊಡ್ಡಮನಿ ಹೆಣಮಕ್ಕಳು ನಕ್ಕದ್ದು ಗ್ವಾಡಿಗೂ ಕೇಳಬಾರದು" ಎನ್ನುವುದು ಅತ್ತೆಯ ಮಾತು. ಅವರು ನನ್ನೊಡನೆ ಆಡುತ್ತಿದ್ದದ್ದೇ ಎರಡು ಮಾತು: "ಅಡಗಿ ಆತೇನ?" ಮತ್ತು "ದೀಪಾ ಹಚ್ಚಿದೇನ?" ಅವಕ್ಕೆ ನನ್ನ ಉತ್ತರ, "ಹೂಂನ್ರಿ." ನಮ್ಮವರು ಹತ್ತಿ ವ್ಯಾಪಾರವೆಂದು ಊರೂರು ತಿರುಗುತ್ತಿದ್ದರು. ಮನೆ ತುಂಬ ಜನ, ಮಾತಾಡಲು ಒಬ್ಬರಿಲ್ಲ. ಒಂಟಿತನವೆಂದರೆ ಒಬ್ಬರೇ ಇರುವುದು ಎಂದುಕೊಂಡಿದ್ದೆ. ತುಂಬಿದ ಪಂಕ್ತಿಗೆ ಬಡಿಸುತ್ತ ನಿಂತಾಗ ಅದರ ಖರೆ ರುಚಿ ಗೊತ್ತಾಯಿತು.

ಎಳ್ಳಮಾವಾಸ್ಯೆ ಬಂತೆಂದರೆ ಇಡೀ ಸಂಸಾರ ಮಲಪ್ರಭೆಯ ದಂಡೆಯ ಹೊಲದ ಮನೆಗೆ ಹೋಗುವುದು ರೂಢಿ. ಭೂಮಿತಾಯಿಗೆ ಎಡೆ ಮಾಡಿ, ಅದನ್ನೇ ಹೊಲದ ತುಂಬ ಚರಗವೆಂದು ಚೆಲ್ಲಿ, ಸಂಕ್ರಾಂತಿಯವರೆಗೆ ಅಲ್ಲೇ ಬಿಡಾರ. ಕರಿನೆಲದಲ್ಲಿ ಕಣ್ಣು ಹರಿದಷ್ಟು ಬಿಳಿಜೋಳ, ಕುಸುಬೆ, ಕಡಲೆ. ಕಿತ್ತೂರು, ಸವದತ್ತಿ ಕಡೆಯ ದೊಡ್ಡ ದೊಡ್ಡ ಮಂದಿ ಸೀತನಿ ತಿನ್ನಲು ಬರುತ್ತಿದ್ದರು. ಹಾಲುಗಾಳಿನ ಜೋಳದ ತೆನೆ ಸುಟ್ಟು ಬಡಿದು, ಶೇಂಗಾ ಚಟ್ನಿಪುಡಿ, ಬೆಲ್ಲದೊಡನೆ ತಿನ್ನುವ ಆ ಸೀತನಿಗೆ ಸರಿಸಾಟಿ ಇಲ್ಲ ಬಿಡಿ. ತಿಂದಾದ ಮೇಲೆ ಗಂಡಸರೆಲ್ಲ ಬೇವಿನ ಮರದಡಿ ಜಮಖಾನೆ ಹಾಸಿ, ಹೊಳೆಗೆ ಬೆನ್ನು ಮಾಡಿ ಇಸ್ಪೀಟು ಆಡುತ್ತಿದ್ದರು. "ಏನ್ ಹವಾ ಐತ್ರೀ ಇಲ್ಲೆ!" ಎಂದು ನಡುನಡುವೆ ಹೊಗಳುವುದೂ ಇತ್ತು. ಇಸ್ಪೀಟಿನಿಂದ ಕಣ್ಣೆತ್ತಿದವರನ್ನು ನಾನಂತೂ ಕಂಡಿಲ್ಲ.

ಹೊಲದ ಮನೆಗೆ ಹೋದ ಮೊದಲ ವರ್ಷ, ನಸುಕಿನಲ್ಲಿ ಅತ್ತೆ ನನ್ನ ಕೌದಿ ಎಳೆದು, "ಏಳ. ಹುಳಿ ಹಿಂಡೂದೈತಿ. ಭಾಂಡಿ ತಗೊಂಬಾ" ಎಂದರು. ದೊಡ್ಡಮನೆಯ ಘನತೆಗೆ ತಕ್ಕುದಾಗಲೆಂದು ನಾನು ಹುಣಸೆಹಣ್ಣು ಹಚ್ಚಿ ಬೆಳಗಿದ್ದ ಹಿತ್ತಾಳೆ ತಂಬಿಗೆ ಹಿಡಿದು ಹೋದೆ. ಹೊಲದ ನಡುವೆ ಧೋತರ ಹಿಂಡಲು ಬಗ್ಗಿದ ಅತ್ತೆ ತಂಬಿಗೆ ನೋಡಿದರು. ನನ್ನ ಮುಖ ನೋಡಿದರು.

"ಹುಳಿಗೆ ಹಿತ್ತಾಳಿ ತಂದಿಯೇನ? ಕಿಲುಬು ಕುಡಿಸಿ ಮನಿಮಂದಿನ್ನೆಲ್ಲಾ ಕೈಲಾಸಕ್ಕ ಕಳಸಾಕಿ ಅದಿಯೇನವಾ!"

ಎಂದವರೇ ನಗತೊಡಗಿದರು. ಸೆರಗು ಜಾರಿದ್ದು ಲೆಕ್ಕಕ್ಕಿಲ್ಲ, ಜೋಳದೊಳಗಿನ ಹಕ್ಕಿಗಳು ಬುರ್ರೆಂದು ಎದ್ದದ್ದು ಲೆಕ್ಕಕ್ಕಿಲ್ಲ. ನಾನು ಅಳಬೇಕೆಂದುಕೊಂಡವಳು ನಕ್ಕುಬಿಟ್ಟೆ. ಪುಣ್ಯಕ್ಕೆ, ಇರಲಿ ಎಂದು ತಂದ ಗಾಜಿನ ಬಾಟಲಿಯೊಂದು ಅವರ ಮಡಿಲಲ್ಲಿತ್ತು. ತುಂಬುತ್ತ ತುಂಬುತ್ತ ಕೇಳಿದರು: "ತೌರಮನ್ಯಾಗ ನಿನಗ ಏನಂತ ಕರೀತಿದ್ರು?"

ಹೇಳಿದೆ. ಅಂದಿನಿಂದ ಹೊಲದಲ್ಲಿ ನನಗೆ ಅದೇ ಹೆಸರು. ಬದುವಿನ ಆ ತುದಿಯಿಂದ ಅವರು ಕೂಗಿದರೆ ನಾನು ಈ ತುದಿಯಿಂದ "ಓ" ಎನ್ನುತ್ತಿದ್ದೆ. ವಾಡೆಯಲ್ಲಿ ಕರೆದರೆ "ಬಂದ್ನಿರಿ" ಅನ್ನಬೇಕು, ಓ ಅನ್ನುವುದು ಗೌರವವಲ್ಲ. ಹೊಲದಲ್ಲಿ ಓಗೊಡಲು ಅಡ್ಡಿಯಿರಲಿಲ್ಲ.

ಆ ನಸುಕುಗಳಲ್ಲಿ ಅವರು ಏನೆಲ್ಲ ಮಾತಾಡುತ್ತಿದ್ದರು! ದೇಗಾಂವದ ತೌರು, ಅಲ್ಲಿಯ ಗುಡಿಯ ಕಲ್ಲುಕಂಬಗಳ ನಡುವೆ ಗೆಳತಿಯರೊಡನೆ ಮುಟ್ಟಾಟ ಆಡಿದ್ದು, ಕಂಬಕ್ಕೆ ಹಣೆ ಬಡಿದು ಆದ ಕಲೆ. ಆ ಕಲೆಯ ಮೇಲೇ ಅವರು ದಿನಾ ವಿಭೂತಿ ಹಚ್ಚುತ್ತಿದ್ದರು. ಹುಳಿಗೆ ನಮ್ಮ ಪಾದ ಚುರುಗುಡುತ್ತಿತ್ತು. ತೊಳೆಯಲು ಹೊಳೆಗೆ ಇಳಿಯುತ್ತಿದ್ದೆವು. ಒಮ್ಮೆ ನಾನು, "ಅತ್ತೀ, ಈ ನೀರು ನಮ್ಮ ರಾಮದುರ್ಗಕ್ಕ ಹೋಗತೈತ್ರಿ" ಎಂದೆ.

"ಎಲ್ಲಿ ಹೋಗತೈತಿ? ನಡುವ ಸವದತ್ತಿ ಡ್ಯಾಮ್ ಐತಿ. ಅಲ್ಲೇ ನಿಂದರತೈತಿ" ಎಂದರು. ನನ್ನ ಮುಖ ಸಪ್ಪಗಾದದ್ದು ಕಂಡಿತೇನೋ. "ಬಾಗಲಾ ತಗದಾಗ ಹೋಗತೈತಿ ತಗೋ. ನೀನೂ ಯುಗಾದಿಗೆ ಹೋಗಿಬರೀಯಂತ. ನಾ ಹೇಳತೇನಿ ನಿಮ್ಮ ಮಾವನವರಿಗೆ."

ಸಂಕ್ರಾಂತಿ ಮುಗಿದು ವಾಡೆಗೆ ಮರಳಿದೆವು. ಇನ್ನು ನನಗೊಬ್ಬ ಗೆಳತಿ ಇದ್ದಾಳೆಂದು ಹಿಗ್ಗಿ, ಮರುದಿನ ಅಡುಗೆಮನೆಯಲ್ಲಿ, "ಅತ್ತೀ, ನಿಮ್ಮ ದೇಗಾಂವದಾಗ..." ಎಂದು ಬಾಯಿ ತೆರೆದೆ. ಅತ್ತೆ ತಲೆಬಾಗಿಲ ಕಡೆ ನೋಡಿದರು. "ಅಡಗಿ ಆತೇನ?" ಎಂದರು. ಅಷ್ಟೇ. ಮುಂದಿನ ಎಳ್ಳಮಾವಾಸ್ಯೆಯವರೆಗೆ ನಾನು ಮತ್ತೆ ಹೊಸ ಹೆಸರಿನವಳು. ನನಗೆ ಬಹಳ ಸಿಟ್ಟು ಬಂದಿತ್ತು. ಸಿಟ್ಟು ಇಳಿದ ಮೇಲೆ ಚಳಿಗಾಲ ಕಾಯುವುದನ್ನು ಕಲಿತೆ. ಅವರು ಒಮ್ಮೆಯಾದರೂ ಈ ಗೋಡೆಗಳೊಳಗೆ ನನ್ನನ್ನು ಆ ಹೆಸರಿನಿಂದ ಕರೆಯಲಿ ಎಂಬುದೊಂದೇ ಆಸೆ. ನಗಬೇಡಿ, ಕೆಲವರು ಬಂಗಾರ ಬೇಡುತ್ತಾರೆ, ನಾನು ಇದನ್ನು ಬೇಡಿದೆ.

ಹೀಗೇ ಹಲವು ಚಳಿಗಾಲ ಕಳೆದವು. ಎರಡು ಸಾವಿರದ ಇಸವಿಯ ಈಚೆಗೆ ಹೊಲಕ್ಕೆ ನೀರಿನ ಅನುಕೂಲವಾಗಿ ಕಬ್ಬು ಬಂತು. ಬೆಳೆ ಬಂದದ್ದು ಒಳ್ಳೆಯದೇ. ಆದರೆ ಹೊಲದ ಮನೆಯ ಸುತ್ತ ಆಳೆತ್ತರದ ಕಬ್ಬು ನಿಂತು ಹೊಳೆ ಮುಚ್ಚಿತು, ಬಯಲು ಮುಚ್ಚಿತು. ಕಡಲೆ ಹೋಯಿತು, ಸೀತನಿ ಹೋಯಿತು. ಹಾವು ಹೊರಡುತ್ತವೆಂದು ನೆವ ಹೇಳಿ ಮಂದಿ ಬರುವುದನ್ನು ಬಿಟ್ಟರು. ಇಸ್ಪೀಟು ವಾಡೆಯ ಪಡಸಾಲೆಗೆ ಬಂತು. ಅವರಿಗೆ ಏನೂ ಕಳೆದುಹೋಗಿರಲಿಲ್ಲ. ಕಳೆದುಕೊಂಡವರು ನಾವಿಬ್ಬರು, ಆ ಮಾತನ್ನು ನಾವು ಒಬ್ಬರಿಗೊಬ್ಬರು ಆಡಲೂ ಇಲ್ಲ.

ಕೆಲವು ವರ್ಷ ಕಳೆದು, ಒಂದು ಚಳಿಗಾಲದಲ್ಲಿ ಅತ್ತೆ ಹಾಸಿಗೆ ಹಿಡಿದರು. ಬಾಯಿಗೆ ಏನೂ ರುಚಿಸದು. ಯಾರನ್ನೂ ಕೇಳದೆ ನಾನು ಸಂಜೆ ದೊಡವಾಡದ ಬಸ್ಸು ಹತ್ತಿದೆ. ಅಲ್ಲಿ ನನ್ನ ದೂರದ ಚಿಗವ್ವನ ಮನೆಯಿದೆ. ಅವಳ ಕಡಲೆ ಹೊಲದಲ್ಲಿ ಧೋತರ ಹಾಸಿ, ನಸುಕಿನಲ್ಲಿ ಹಿಂಡಿ, ಬಾಟಲಿ ಮಡಿಲಲ್ಲಿಟ್ಟುಕೊಂಡು ಮರಳಿದೆ. ಹಾಸಿಗೆಯ ಸುತ್ತ ಮಂದಿ ಕೂತಿದ್ದರು. ಅವರೆದುರೇ ಚಮಚದಿಂದ ಎರಡು ಹನಿ ಅತ್ತೆಯ ನಾಲಿಗೆಗೆ ಬಿಟ್ಟೆ. ಕಣ್ಣು ಮುಚ್ಚಿಯೇ ಚಪ್ಪರಿಸಿದರು.

"ಯಾರ ಹೊಲದ್ದು?"

"ನಮ್ಮ ಹೊಲದ್ದ ರೀ."

"ಸುಳ್ಳ. ನಮ್ಮ ಹೊಲದಾಗ ಕಬ್ಬ ಐತಿ." ತುಟಿ ಅರಳಿತು. "ಹಿತ್ತಾಳಿ ತಂಬಿಗ್ಯಾಗ ತಂದಿಲ್ಲಲ್ಲ?" ಎಂದರು. ಆಮೇಲೆ, ಆ ಎಲ್ಲ ಮಂದಿಯ ನಡುವೆ, ನನ್ನ ತೌರಿನ ಹೆಸರು ಹಿಡಿದು ಕರೆದರು. ನನಗೆ "ಓ" ಅನ್ನಲಾಗಲಿಲ್ಲ, ಸೆರಗಿನಿಂದ ಅವರ ತುಟಿ ಒರೆಸಿದೆ. ಆ ಚಳಿಗಾಲ ಅವರು ದಾಟಲಿಲ್ಲ. ನನ್ನ ತವರಿನಲ್ಲೂ ಹಿರಿಯರೆಲ್ಲ ಒಬ್ಬೊಬ್ಬರಾಗಿ ಹೋದರು. ಆ ಹೆಸರು ಯಾರ ಬಾಯಲ್ಲೂ ಉಳಿಯಲಿಲ್ಲ.

ಮೊನ್ನೆ ಕಡಲೆ ಸಿವುಡು ಹಿಡಿದು ಮನೆಗೆ ಬಂದಾಗ ನನ್ನ ಸೊಸೆ ಆಗಷ್ಟೇ ಕೆಲಸದಿಂದ ಬಂದಿದ್ದಳು. ಒಳ್ಳೆಯ ಹುಡುಗಿ. ನಾವಿಬ್ಬರೂ ಎಂದೂ ಜಗಳಾಡಿಲ್ಲ. ಮಾತಾಡಿದರೆ ತಾನೇ ಜಗಳ? "ಚಹಾ ಇಡ್ಲೇನ್ರಿ ಅತ್ತೀ?" ಎಂದಳು. "ಇಡು" ಎನ್ನಲು ಹೋದವಳು, "ಚಹಾ ಆಮ್ಯಾಲ ನೋಡೂಣು. ಬಾ, ಕುಂಡ್ರಿಲ್ಲೆ" ಎಂದೆ. ಇಬ್ಬರೂ ಪಡಸಾಲೆಯಲ್ಲಿ ಕೂತು ಕಾಯಿ ಬಿಡಿಸಿದೆವು. ಎಲೆ ನೆಕ್ಕಿಸಿದೆ, ಅವಳು ಒಂದು ಕಣ್ಣು ಮುಚ್ಚಿ ನಕ್ಕಳು. ನಿಮಗೆ ಈಗ ಹೇಳಿದ್ದನ್ನೆಲ್ಲ ಅವಳಿಗೂ ಹೇಳಿದೆ.

"ಆ ಹೆಸರು ಏನ್ರಿ ಅತ್ತೀ?"

ಹೇಳಿದೆ. ಅವಳು ಮೆಲ್ಲಗೆ ಒಮ್ಮೆ ಅಂದು ನೋಡಿದಳು.

"ಓ" ಎಂದೆ.