ಅಕ್ಕ ಆರಿಸಿದ ಗಟ್ಟಿ ಸೈಕಲ್ಲು

ಪುಣೆಯ ಯೆರವಡಾದಲ್ಲಿ ನಮ್ಮ ಪಕ್ಕದ ಮನೆಯ ಅಕ್ಕ ನನ್ನಷ್ಟೇ ದಪ್ಪ. ಯಾರ ಮನೆಗೆ ಹೋದರೂ ಕೂರುವ ಮೊದಲು ಕುರ್ಚಿಯನ್ನು ಕೈಯಿಂದ ಒತ್ತಿ, ‘ತಡೀತದೇನ್ರಿ?’ ಎಂದು ಕೇಳಿ ತಾನೇ ಮೊದಲು ನಗುತ್ತಿದ್ದಳು. ನಾನು ನಾಚಿಕೆಯಿಂದ ನಿಂತೇ ಇರುತ್ತಿದ್ದೆ.

ಡಾಕ್ಟರು ನನಗೆ ಸೈಕಲ್ ತುಳಿಯಲು ಹೇಳಿದಾಗ ಸೈಕಲ್ ಅಂಗಡಿಗೆ ಅವಳನ್ನೇ ಜೊತೆಗೆ ಕರೆದೊಯ್ದೆ. ಅಂಗಡಿಯವನು ಎಲ್ಲರೆದುರು, ‘ವಜನ್ ಕಿತೀ?’ ಎಂದು ತೂಕ ಕೇಳಿದ. ನಾನು ಅಕ್ಕನ ಹಿಂದೆ ಸರಿದೆ. ಸೈಕಲ್ಲು ತನಗೇ ಎಂದ ಅಕ್ಕ, ತನ್ನ ತೂಕವನ್ನು ಗಟ್ಟಿಯಾಗಿ ಹೇಳಿಬಿಟ್ಟಳು. ಹಿಂದಿನ ಚಕ್ರಕ್ಕೆ ಸ್ಪ್ರಿಂಗಿದ್ದರೆ ಈ ಭಾರಕ್ಕೆ ಕುಸಿಯುತ್ತದೆಂದು ಅವನು ಮುಂದೆ ಮಾತ್ರ ಸ್ಪ್ರಿಂಗಿದ್ದ, ದಪ್ಪ ಉಕ್ಕಿನ ಫ್ರೇಮಿನ ಸೈಕಲ್ ತಂದ. ಅಕ್ಕ ಸೀರೆ ಎತ್ತಿಕಟ್ಟಿ ಹತ್ತಿ ಕೂತಳು. ಗಿರಾಕಿಗಳು ನಕ್ಕರು. ಅವಳೂ ನಕ್ಕಳು.

‘ಗಟ್ಟಿ ಅದ. ಇದನ್ನ ತಗೋ ತಂಗಿ,’ ಎಂದು ನನ್ನ ಕಿವಿಯಲ್ಲಿ ಹೇಳಿದಳು.

ಸೈಕಲ್ ಕೊಂಡು ಹೊರಗೆ ಬಂದ ಮೇಲೆ ಕೇಳಿದೆ.

‘ನಿನಗೆ ನಾಚಿಕೆ ಆಗಲಿಲ್ಲವಾ ಅಕ್ಕಾ?’

‘ಆಗೂದಿಲ್ಲೇನು? ಭಾಳ ಆಗ್ತದ. ಮಂದಿ ನಗೂಕಿಂತ ಮೊದಲ ನಾನ ನಕ್ಕಬಿಡ್ತೀನಿ.’

ಸೆರಗಿನಿಂದ ಮುಖ ಒರೆಸಿಕೊಂಡು ಖಾಲಿ ಗಲ್ಲಿಯತ್ತ ನೋಡಿದಳು. ‘ನಾ ಒಮ್ಮೆ ತುಳೀಲೇನು?’

ಅವಳು ಹತ್ತಿದಳು. ನಾನು ಸೀಟು ಹಿಡಿದುಕೊಂಡು ಹಿಂದೆಯೇ ಓಡಿದೆ.