ಕೆಂಪು ನೂಲಿನ ಕನ್ನಡಕ

ಆಟದಲ್ಲಿ ಮುಳುಗಿದ ಮನುಷ್ಯ ಮೊದಲು ಕಳೆದುಕೊಳ್ಳುವುದು ಚಪ್ಪಲಿ. ಎರಡೂ ಅಲ್ಲ, ಒಂದೇ ಕಾಲಿನದ್ದು. ಇದು ನನಗೆ ಗೊತ್ತಾದದ್ದು ಕಾರ್ಕಳದ ಹತ್ತಿರ, ಬಾಗಿಲು ಹಾಕಿದ ಗೇರುಬೀಜ ಕಾರ್ಖಾನೆಯೊಂದರ ಅಂಗಳದಲ್ಲಿ, ಕಳೆದುಹೋದ ವಸ್ತುಗಳ ಮೇಜಿನ ಹಿಂದೆ ಒಬ್ಬನೇ ಕುಳಿತಿದ್ದ ಒಂದು ಶನಿವಾರ.

ಆಟ ಅಂದರೆ ಕ್ರಿಕೆಟ್ ಅಲ್ಲ. ಉಡುಪಿ, ಮಣಿಪಾಲದ ಕೆಲವು ಯುವಕ ಯುವತಿಯರು ಸೇರಿ ನಡೆಸುವ ವೇಷದ ಆಟ. ಬೆಳಿಗ್ಗೆ ಬಂದವರಿಗೆಲ್ಲ ಒಂದೊಂದು ಪಾತ್ರ ಕೊಡುತ್ತಾರೆ: ರಾಣಿ, ಮಂತ್ರಿ, ಸೈನಿಕ, ವೈದ್ಯ. ವೇದಿಕೆ ಇಲ್ಲ, ಬರೆದಿಟ್ಟ ಮಾತಿಲ್ಲ, ನೋಡುವವರೂ ಇಲ್ಲ. ಸಂಜೆಯವರೆಗೆ ಎಲ್ಲರೂ ಆ ಪಾತ್ರವಾಗಿಯೇ ತಿರುಗಾಡಬೇಕು, ಉಣ್ಣಬೇಕು, ಜಗಳವಾಡಬೇಕು. ಪಾತ್ರ ಬಿಟ್ಟರೆ ಆಟ ಕೆಟ್ಟಿತು. ಕಾರ್ಖಾನೆಯೇ ಕೋಟೆ. ಬೀಜ ಹುರಿಯುತ್ತಿದ್ದ ಕೋಣೆ ರಾಣಿಯ ಭಂಡಾರ. ಸಿಪ್ಪೆಯ ಎಣ್ಣೆಯ ಕಮಟು ವಾಸನೆ ಗೋಡೆಯಿಂದ ಇನ್ನೂ ಹೋಗಿರಲಿಲ್ಲ. ಆದರೂ ಮಂತ್ರಿ ಅಲ್ಲಿ ನಿಂತು "ಆಹಾ, ಚಂದನದ ಪರಿಮಳ" ಎಂದದ್ದನ್ನು ನನ್ನ ಕಿವಿಯಾರೆ ಕೇಳಿದ್ದೇನೆ.

ನನಗೂ ಪಾತ್ರ ಸಿಗುವುದಿತ್ತು. ಆದರೆ ತಯಾರಿಯ ಸಭೆಯಲ್ಲಿ ನಾನು, ಆಟ ನಡೆಸುವ ಹುಡುಗಿ ಒಳಗೆ ಬರುವ ಮೊದಲೇ ಅವಳ ಧ್ವನಿಯಲ್ಲಿ ಅರ್ಧ ಸಭೆ ನಡೆಸಿಬಿಟ್ಟಿದ್ದೆ. ಅವಳು ಬಾಗಿಲಲ್ಲಿ ನಿಂತು ಪೂರ್ತಿ ಕೇಳಿಸಿಕೊಂಡು, "ನೀನು ಆಟದ ಒಳಗೆ ಬಂದ್ರೆ ಯಾರೂ ಅಳುವುದಿಲ್ಲ ಮಾರಾಯ, ಎಲ್ಲ ನಗಾಡ್ತಾರೆ. ನೀನು ಮೇಜು ನೋಡ್ಕೋ" ಎಂದಳು. ಅವಳಿಗೆ ಅವಳೇ ಕೊಟ್ಟುಕೊಂಡ ಪಾತ್ರ ರಾಣಿಯದ್ದು. ಆಕ್ಷೇಪಿಸಲು ನಾನು ಯಾರು? ಪ್ರಜೆಯೂ ಅಲ್ಲ.

ಮೇಜಿನವನಿಗೆ ವೇಷ ಒಂದೇ, ಹಣೆಗೆ ಬಿಳಿ ಬಟ್ಟೆಯ ಪಟ್ಟಿ. ಬಿಳಿ ಪಟ್ಟಿ ಕಟ್ಟಿದವನು ಆಟದೊಳಗೆ ಇಲ್ಲ ಎಂದು ಅರ್ಥ. ಅವನನ್ನು ನೋಡಬಾರದು, ಮಾತಾಡಿಸಬಾರದು, ಎದುರಿಗೆ ಸಿಕ್ಕರೆ ಕಂಬ ಎಂದು ತಿಳಿದು ಸುತ್ತಿ ಹೋಗಬೇಕು. ಯಾರಿಗಾದರೂ ಪೆಟ್ಟಾದರೆ ಅವನು ಸೀಟಿ ಊದಬೇಕು, ಆಗ ಇಡೀ ಆಟ ನಿಲ್ಲುತ್ತದೆ. ಉಳಿದಂತೆ ಅವನಿಗೆ ಬಾಯಿಲ್ಲ. ಇನ್ನೊಂದು ನಿಯಮ ನೂಲಿನದ್ದು. ಕೆಂಪು ನೂಲು ಸುತ್ತಿದ ವಸ್ತು ಆಟದ್ದು. ಕತ್ತಿ, ಮುತ್ತು, ಔಷಧದ ಶೀಶೆ, ಯಾರಿಗೆ ಸಿಕ್ಕಿತೋ ಅವರು ದೋಚಬಹುದು. ನೂಲಿಲ್ಲದ ವಸ್ತು ನಿಜವಾದ ಮನುಷ್ಯರದ್ದು. ಅದನ್ನು ತಂದು ನನ್ನ ಮೇಜಿನ ಮೇಲೆ ಇಡಬೇಕು. ಎಲ್ಲರ ಮೊಬೈಲುಗಳೂ ಬೆಳಿಗ್ಗೆಯೇ ನನ್ನ ಪೆಟ್ಟಿಗೆಗೆ ಬಂದಿದ್ದವು.

ನಿಯಮವನ್ನು ಅವರು ಚೆನ್ನಾಗಿ ಪಾಲಿಸಿದರು, ಅದೇ ಕಷ್ಟವಾದದ್ದು. ಮಧ್ಯಾಹ್ನದವರೆಗೆ ನನ್ನ ಮೇಜಿಗೆ ನೀರಿನ ಬಾಟಲಿ, ಬೈಕಿನ ಕೀ, ಒಂದು ಕಿವಿಯೋಲೆ, ಮತ್ತೆ ಆ ಚಪ್ಪಲಿಗಳು ಬಂದವು. ತಂದವರೆಲ್ಲ ಮೇಜನ್ನು ಮಾತ್ರ ನೋಡಿ ಇಟ್ಟು ಹೋದರು. ದಿನವೂ ಮಣಿಪಾಲದಲ್ಲಿ ನನ್ನೊಂದಿಗೆ ಚಹಾ ಕುಡಿಯುವವನೊಬ್ಬ ನನ್ನ ಮೂಗಿನ ಮುಂದೆಯೇ ನಿಂತು ಪಂಚೆ ಬಿಚ್ಚಿ ಸರಿಯಾಗಿ ಕಟ್ಟಿಕೊಂಡ. ಕಂಬದ ಎದುರು ಯಾರಿಗೆ ನಾಚಿಕೆ?

ಬೇಸರ ಹೆಚ್ಚಾಗಿ ನಾನು ಮಲ್ಪೆಯ ಮೀನು ಹರಾಜಿನವನ ಧ್ವನಿಯಲ್ಲಿ ಚಪ್ಪಲಿಗಳನ್ನು ಹರಾಜಿಗಿಟ್ಟೆ. "ನೋಡಿ ನೋಡಿ, ಎಡಗಾಲಿನದ್ದು, ಈಗಷ್ಟೇ ಬೋಟಿನಿಂದ ಇಳಿದದ್ದು, ಮುಟ್ಟಿ ನೋಡಿ, ಕಿವಿರು ಇನ್ನೂ ಕೆಂಪು ಉಂಟು." ಎದುರಿಗೆ ಹಾದುಹೋದ ಸೈನಿಕರಿಬ್ಬರ ತುಟಿ ಅಲುಗಿದ್ದು ಕಂಡಿತು. ಆದರೆ ಅವರು ನಗಲಿಲ್ಲ. ನಕ್ಕರೆ ನನ್ನನ್ನು ನೋಡಿದಂತೆ ಆಗುತ್ತದೆ. ನಗುವವರಿಲ್ಲದೆ ಅಣಕಿಸುವವನು ಎಂತ ಮಾಡಬೇಕು? ಸ್ವಲ್ಪ ಹೊತ್ತಿನಲ್ಲಿ ನನ್ನ ಧ್ವನಿ ತಾನಾಗಿಯೇ ನಿಂತಿತು.

ಊಟ ಮುಗಿದು ಬಹಳ ಹೊತ್ತಾದ ಮೇಲೆ ಕುರುಡು ಋಷಿ ಬಂದರು. ಗೋಡೆ ಸವರುತ್ತ, ಕಾಲಿನಿಂದ ನೆಲ ಹುಡುಕುತ್ತ, ನೇರ ಬಂದು ಮೇಜಿಗೆ ಹೊಟ್ಟೆ ತಾಗಿಸಿದರು. ಐವತ್ತು ದಾಟಿದ ವಯಸ್ಸು, ಹತ್ತಿಯ ಗಡ್ಡ, ಕಾವಿ ಶಾಲು.

"ಇಲ್ಲಿ ಯಾರಾದ್ರೂ ಇದ್ದೀರಾ?"

ಬೆಳಗಿನಿಂದ ನನ್ನನ್ನು ಕೇಳಿದ ಮೊದಲ ಪ್ರಶ್ನೆ ಅದು. ಇದ್ದೇನೆ ಎನ್ನಲು ನನಗೇ ಸ್ವಲ್ಪ ಅನುಮಾನ.

"ಇದ್ದೇನೆ ಅಣ್ಣ. ಅಬ್ಬಾ, ಎಂತ ಅಭಿನಯ ನಿಮ್ಮದು."

"ನೀನೂ ಅದನ್ನೇ ಹೇಳ್ತೀಯಾ?" ಅವರು ಸ್ಟೂಲನ್ನು ಕೈಯಲ್ಲಿ ಹುಡುಕಿ ಕುಳಿತರು. "ಮುಖ ತೊಳೀಲಿಕ್ಕೆ ಅಂತ ಕನ್ನಡಕ ತೆಗೆದು ನಳ್ಳಿಯ ಕಟ್ಟೆ ಮೇಲೆ ಇಟ್ಟೆ. ಮುಖ ಒರೆಸಿ ನೋಡಿದ್ರೆ ಇಲ್ಲ. ನನಗೆ ನಿಜವಾಗಿ ಕಾಣುವುದಿಲ್ಲ ಮಾರಾಯ, ದೊಡ್ಡ ಪವರಿನದ್ದು ಅದು. ಸಿಕ್ಕಿದವರಿಗೆಲ್ಲ ಹೇಳಿದೆ. ಒಬ್ಬ ಕಾಲಿಗೆ ಬಿದ್ದ. ಒಬ್ಬಳು ಅತ್ತಳು. ಮತ್ತೊಬ್ಬ ಬಾಳೆಹಣ್ಣು ಕೊಟ್ಟ."

ಅವರಿಗೆ ಕಾಪುವಿನಲ್ಲಿ ಜೆರಾಕ್ಸ್ ಅಂಗಡಿ. ಈ ಆಟದ ಪೋಸ್ಟರು ತೆಗೆಸಲು ಹೋದ ಹುಡುಗರನ್ನು "ನನ್ನಂಥವರು ಬರಬಹುದಾ?" ಎಂದು ಕೇಳಿ ಬಂದವರು. ಹೆಂಡತಿ ಕುವೈತ್‌ನಲ್ಲಿ ನರ್ಸು. ವಾರಕ್ಕೆ ಒಂದೇ ಸಲ, ಶನಿವಾರ, ಅವಳಿಗೆ ಊಟದ ಬಿಡುವು ಇರುವಾಗ, ಅಂದರೆ ನಮಗೆ ಸಂಜೆ ಚಹಾದ ಹೊತ್ತಿಗೆ, ವಿಡಿಯೋ ಕಾಲ್ ಬರುತ್ತದೆ. ಆ ಹೊತ್ತಿಗೆ ಮೇಜಿನ ಹತ್ತಿರ ಬಂದು ಮಾತಾಡಲು ರಾಣಿಯಿಂದ ಮೊದಲೇ ಅನುಮತಿ ಪಡೆದಿದ್ದರು.

"ಇವತ್ತು ಎಂತದೋ ತೋರಿಸ್ಲಿಕ್ಕುಂಟಂತೆ ಅವಳಿಗೆ. ನೋಡದೆ ಹೇಗೆ ಹೇಳುವುದು ಚಂದ ಉಂಟು ಅಂತ? ಕನ್ನಡಕ ಇಲ್ಲದಿದ್ರೆ ಅವಳ ಮುಖವೂ ಒಂದೇ, ಇಡ್ಲಿಯೂ ಒಂದೇ ನನಗೆ."

ಮೇಜಿನ ಮೇಲೆ ಕನ್ನಡಕ ಇರಲಿಲ್ಲ. ಗುರುತು ಕೇಳಿದೆ. ಕಪ್ಪು ಫ್ರೇಮು, ದಪ್ಪ ಗಾಜು.

"ಒಂದು ಕಾಲಿನ ಸ್ಕ್ರೂ ಬಿದ್ದು ಹೋಗಿತ್ತು. ರಿಪೇರಿಗೆ ಉಡುಪಿಗೆ ಹೋಗಬೇಕಲ್ಲ ಅಂತ ಉದಾಸೀನ. ದೇವಸ್ಥಾನದಲ್ಲಿ ಕೈಗೆ ಕಟ್ಟಿದ ನೂಲು ಉಂಟಲ್ಲ, ಅದನ್ನೇ ಬಿಚ್ಚಿ ಸುತ್ತಿದ್ದೆ."

"ಕೆಂಪು ನೂಲಾ ಅಣ್ಣ?"

"ಮತ್ತೆಂತ, ಹಸಿರಾ?"

ನನಗೆ ಗೊತ್ತಾಯಿತು. ಊಟಕ್ಕೆ ಮುಂಚೆ ಸೈನಿಕರಿಬ್ಬರು ಏನನ್ನೋ ಶಾಲಿನಲ್ಲಿ ಸುತ್ತಿ, "ಭವಿಷ್ಯ ಕಾಣುವ ಮಾಯಾಗಾಜು ಸಿಕ್ಕಿತು" ಎಂದು ಕೂಗುತ್ತ ಭಂಡಾರದ ಕಡೆ ಓಡಿದ್ದರು. ನೂಲು ನೋಡಿ ಆಟದ್ದೆಂದು ದೋಚಿದ್ದರು, ನಿಯಮದ ಪ್ರಕಾರವೇ.

ಸೀಟಿ ತೆಗೆದೆ. ಅವರು ನನ್ನ ಕೈಯನ್ನು ಹುಡುಕಿ ಹಿಡಿದರು.

"ಬೇಡ. ಇಷ್ಟು ಜನ ಇಷ್ಟು ಕಷ್ಟಪಟ್ಟಿದ್ದಾರೆ. ನನ್ನ ಕನ್ನಡಕಕ್ಕೆ ಆಟ ನಿಲ್ಲಿಸಿದ್ರೆ ಮುಂದಿನ ಸಲ ನನ್ನನ್ನು ಕರೀತಾರಾ? ಅಂಗಡಿ ಬಾಗಿಲು ಹಾಕಿದ ಮೇಲೆ ನನಗೆ ಇರುವುದು ಟಿವಿ ಒಂದೇ."

ಹಾಗಾದರೆ ಉಳಿದ ದಾರಿ ಒಂದೇ. ಬಿಳಿ ಪಟ್ಟಿ ಬಿಚ್ಚಿ ಕಿಸೆಗೆ ಹಾಕಿದೆ. ಋಷಿಯ ಶಿಷ್ಯನಾದೆ. ಅವರು ನನ್ನ ಹೆಗಲಿನ ಮೇಲೆ ಕೈಯಿಟ್ಟರು. ಅಂಗಳ ದಾಟುವಷ್ಟು ಹೊತ್ತು ಆ ಕೈಯ ಭಾರ ಹಾಗೇ ಇತ್ತು. ನಾನು ಬೇಕೆಂದೇ ಸ್ವಲ್ಪ ನಿಧಾನ ನಡೆದೆ.

ಭಂಡಾರದಲ್ಲಿ ರಾಣಿ ಪ್ಲಾಸ್ಟಿಕ್ ಕುರ್ಚಿಯ ಸಿಂಹಾಸನದ ಮೇಲೆ, ಕನ್ನಡಕ ಅವಳ ಪಕ್ಕದ ತಟ್ಟೆಯಲ್ಲಿ, ಮಂತ್ರಿ ಅವಳ ಹಿಂದೆ. ದಾರಿಯಲ್ಲಿ ನಾನು ಗಂಭೀರ ಸಂಸ್ಕೃತದ ಧ್ವನಿಯೊಂದನ್ನು ತಯಾರಿಸಿಕೊಂಡಿದ್ದೆ. ಆದರೆ ಒಳಗೆ ಹೋದ ಮೇಲೆ, ಹೊರಗೆ ಚಹಾದ ಪಾತ್ರೆ ಇಳಿಸುವ ಸದ್ದು ಕೇಳಿ ಗಡಿಬಿಡಿಯಾಯಿತು. ಬಾಯಿಂದ ಬಂದದ್ದು ಬೇರೆಯೇ.

"ಖರೇನ ಕಾಣ್ಸಂಗಿಲ್ರೀ ಇವ್ರಿಗೆ. ನಾಟಕ ಅಲ್ರಿ ಇದು. ಆ ಚಾಳೀಸು ಕೊಡ್ರಿ, ಮನ್ಯಾಗಿನವ್ರ ಫೋನ್ ಬರೂದೈತಿ."

ಇಡೀ ಭಂಡಾರ ನಕ್ಕಿತು. ರಾಣಿಯೂ ಪಾತ್ರ ಮರೆತು ನಕ್ಕಳು. "ಸೂಪರ್ ಮಾರಾಯ, ಘಟ್ಟದ ಮೇಲಿನವರ ಹಾಗೆಯೇ ಉಂಟು. ಯಾವಾಗ ಕಲಿತೆ ಇದನ್ನು?"

ಕಲಿತದ್ದಲ್ಲ. ನಮ್ಮಪ್ಪ ಗಾರೆ ಕೆಲಸಕ್ಕೆಂದು ಗದಗದ ಕಡೆಯಿಂದ ಉಡುಪಿಯ ಸಂತೆಕಟ್ಟೆಗೆ ಬಂದವರು. ಮನೆಯಲ್ಲಿ ನಾವು ಆಡುವುದು ಅದೇ ಮಾತು. ನಾನು ಕಲಿತದ್ದು 'ಎಂತ', 'ಉಂಟು', 'ಮಾರಾಯ'. ಶಾಲೆಯಲ್ಲಿ ನನ್ನ ಮಾತಿಗೆ ನಗುತ್ತಿದ್ದವರನ್ನೇ ಅಣಕಿಸುತ್ತ ಅಣಕಿಸುತ್ತ ಅವರ ಹಾಗೇ ಆಡಲು ಬಂದುಬಿಟ್ಟಿತ್ತು. ಅದು ನನ್ನ ಮೊದಲ ಮಿಮಿಕ್ರಿ, ಇನ್ನೂ ನಡೆಯುತ್ತಲೇ ಉಂಟು. ಈಗ ಮೊದಲ ಸಲ ಅವರೆದುರು ನನ್ನದೇ ಧ್ವನಿ ಬಂದರೆ ಅವರಿಗೆ ಅದು ನನ್ನ ಅತ್ಯುತ್ತಮ ಅಣಕು. ನಾನೂ ಬಾಗಿ ವಂದಿಸಿದೆ. ಸಿಕ್ಕಿದ ಚಪ್ಪಾಳೆಯನ್ನು ಬಿಟ್ಟುಕೊಡುವಷ್ಟು ದೊಡ್ಡವನಲ್ಲ ನಾನು.

ಹೆಗಲ ಮೇಲಿನ ಕೈ ಒಂದಿಷ್ಟು ಬಿಗಿಯಾಯಿತು. ಋಷಿ ಗಂಟಲು ಸರಿಮಾಡಿಕೊಂಡರು.

"ಮಹಾರಾಣಿ, ಮಾಯಾಗಾಜನ್ನು ಕೊಡಿ. ಬದಲಿಗೆ ಒಂದು ಭವಿಷ್ಯ ಹೇಳ್ತೇನೆ. ಕತ್ತಲೆಯ ಮೊದಲು ನಿಮ್ಮ ಹಿಂದಿನ ಬಾಗಿಲು ಶತ್ರುವಿಗೆ ತೆರೆಯುತ್ತದೆ. ತೆರೆಯುವವನು ನಿಮ್ಮ ಬೆನ್ನ ಹಿಂದೆಯೇ ನಿಂತಿದ್ದಾನೆ."

ಮಂತ್ರಿಯ ಮುಖ ಕೆಂಪಾಯಿತು. ಪಾತ್ರ ಗೀತ್ರ ಬಿಟ್ಟು, "ಅಣ್ಣ, ನಿಮಗೆ ಹೇಗೆ ಗೊತ್ತಾಯ್ತು?" ಎಂದ.

"ನಾನು ಕೂತಿದ್ದ ಗೋಡೆಯ ಬುಡದಲ್ಲೇ ನಿಂತು ಮಾತಾಡಿದ್ಯಲ್ಲ, ಕುರುಡನಿಗೆ ಎಂತ ಗೊತ್ತಾಗ್ತದೆ ಅಂತ. ಕಾಪುವಿನಲ್ಲಿ ವಾರಕ್ಕೆರಡು ಸಲ ಜೆರಾಕ್ಸ್ ಮಸುಕಾಯ್ತು ಅಂತ ಗಲಾಟೆ ಮಾಡುವ ಧ್ವನಿ ನನಗೆ ಗುರುತು ಸಿಗುವುದಿಲ್ವಾ? ಈಗ ಮಹಾರಾಣಿಯ ಹಿಂದಿನಿಂದ ನಕ್ಕದ್ದೂ ಅದೇ."

ಕನ್ನಡಕ ಸಿಕ್ಕಿತು.

ವಾಪಸು ಬರುವಾಗ ಅವರು ಅದನ್ನು ಹಾಕಿಕೊಳ್ಳಲಿಲ್ಲ, ಕೈಯಲ್ಲಿ ಹಿಡಿದು ನನ್ನ ಹೆಗಲು ಹಿಡಿದೇ ಬಂದರು. ನಡು ಅಂಗಳದಲ್ಲಿ ಮೆಲ್ಲಗೆ ಕೇಳಿದರು.

"ಅಲ್ಲಿ ಆಡಿದ್ದು ನಿನ್ನದೇ ಮಾತಲ್ವಾ?"

"ಹೌದ್ರಿ," ಎಂದೆ. ಹೇಳುವುದು ಇನ್ನೂ ಬಹಳ ಇತ್ತು.

ಮೇಜಿನ ಹತ್ತಿರ ಕೆಂಪು ನೂಲು ಬಿಚ್ಚಿದೆ. ಇದ್ದರೆ ಮತ್ತೆ ಯಾರಾದರೂ ದೋಚುತ್ತಾರೆ. ನನ್ನ ಬಿಳಿ ಪಟ್ಟಿಯ ಅಂಚಿನಿಂದ ಒಂದು ಎಳೆ ಹರಿದು ಕನ್ನಡಕದ ಕಾಲಿಗೆ ಸುತ್ತಿ ಗಂಟು ಹಾಕಿ ಕೊಟ್ಟೆ. ಉಳಿದ ಪಟ್ಟಿಯನ್ನು ನಾನು ಹಣೆಗೆ ಕಟ್ಟಿಕೊಳ್ಳುವಷ್ಟರಲ್ಲಿ ಪೆಟ್ಟಿಗೆಯಲ್ಲಿ ಅವರ ಮೊಬೈಲು ರಿಂಗಾಯಿತು. ಅವರು ಆತುರದಿಂದ ಕನ್ನಡಕ ಏರಿಸಿ ಅಂಗಳದ ಕಡೆ ತಿರುಗಿ ಕುಳಿತರು.

ಪರದೆಯ ಮೇಲೆ ನರ್ಸಿನ ಬಟ್ಟೆಯ ಹೆಂಗಸು. ಅವರ ಗಡ್ಡ ನೋಡಿ ಅವಳು ಮೊದಲು ಫೋನ್ ಇಟ್ಟೇಬಿಟ್ಟಳು. ಮತ್ತೆ ಮಾಡಿದಳು. ತೋರಿಸಬೇಕಾದದ್ದನ್ನು ಚೀಲದಿಂದ ತೆಗೆದು ಮುಖಕ್ಕೆ ಹಾಕಿಕೊಂಡಳು. ಅವಳಿಗೂ ಕನ್ನಡಕ ಬಂದಿತ್ತು. ಅವರು ಪರದೆಯನ್ನು ಮೂಗಿನ ಹತ್ತಿರ ತಂದು ತುಂಬ ಹೊತ್ತು ನೋಡಿದರು. ಆಮೇಲೆ ಇಬ್ಬರೂ ತುಳುವಿನಲ್ಲಿ ಒಬ್ಬರನ್ನೊಬ್ಬರು ಮುದುಕ, ಮುದುಕಿ ಎಂದು ತಮಾಷೆ ಮಾಡಿಕೊಂಡರು. ನಾನು ಆಚೆ ತಿರುಗಿ ಚಪ್ಪಲಿಗಳನ್ನು ಸಾಲಾಗಿ ಇಟ್ಟೆ.

ಮಾತು ಮುಗಿಸಿ ಅವರು ಮೊಬೈಲನ್ನು ಪೆಟ್ಟಿಗೆಗೆ ಹಾಕಿದರು. ಏನೋ ಹೇಳಲೆಂದು ನನ್ನ ಕಡೆ ತಿರುಗಿದರು. ದಪ್ಪ ಗಾಜಿನ ಹಿಂದೆ ಕಣ್ಣು ದೊಡ್ಡದಾಗಿ, ಸ್ಪಷ್ಟವಾಗಿ ಇತ್ತು. ಆ ಕಣ್ಣು ನನ್ನ ಹಣೆಯ ಬಿಳಿ ಪಟ್ಟಿಯ ಮೇಲೆ ನಿಂತಿತು. ನಿಯಮ ನೆನಪಾಯಿತೇನೋ. ಬಾಯಿ ಮುಚ್ಚಿ, ಕಂಬವನ್ನು ಸುತ್ತುವ ಹಾಗೆ ನನ್ನನ್ನು ಸುತ್ತಿ, ಕೋಟೆಯ ಕಡೆ ಹೋದರು. ಋಷಿಗೆ ಕಣ್ಣು ಬಂದದ್ದು ಕಂಡು ಅಲ್ಲಿ ಜನ ಸುತ್ತ ಸೇರಿದ್ದು ಕಾಣುತ್ತಿತ್ತು. ನಿಯಮ ಪಾಲಿಸಿದವರನ್ನು ದೂರುವುದು ಹೇಗೆ?

ಆಟ ಮುಗಿದಾಗ ಮೊಬೈಲಿಗೆ ಎಲ್ಲರೂ ಒಟ್ಟಿಗೆ ಮುತ್ತಿದರು. "ಋಷಿಗಳದ್ದೂ ಕೊಡು, ಅವರು ನನ್ನ ಬೈಕಿನಲ್ಲಿ ಕಾಪುವಿಗೆ ಬರ್ತಾರೆ" ಎಂದು ಮಂತ್ರಿ ಕೈ ಚಾಚಿದ. ಗೇಟಿನ ಹತ್ತಿರ ಅವರು ಹೆಲ್ಮೆಟ್ಟಿನೊಳಗೆ ಗಡ್ಡ ತುರುಕಲಾಗದೆ ಪರದಾಡುತ್ತಿದ್ದರು. ಯಾರೋ ಮುಂದಿನ ಸಲದ ಪಾತ್ರದ ಬಗ್ಗೆ ಅವರನ್ನು ಈಗಲೇ ಒಪ್ಪಿಸುತ್ತಿದ್ದರು. ನನಗೆ ಸಂತೋಷವೇ ಆಯಿತು. ಕೈ ಎತ್ತಿದೆ. ಬೈಕು ತಿರುಗಿತು.

ಉಳಿದ ಎಡಗಾಲಿನ ಚಪ್ಪಲಿಗಳನ್ನು ಚೀಲಕ್ಕೆ ತುಂಬಿ ಕಾರ್ಕಳದಿಂದ ಉಡುಪಿಯ ಬಸ್ಸು ಹತ್ತಿದೆ. ಹಿರಿಯಡ್ಕ ಹತ್ತಿರ ಬರುವಾಗ ಟಿಕೆಟಿಗೆ ಬಂದ ಕಂಡಕ್ಟರ್ ನನ್ನ ಮುಖವನ್ನೇ ನೋಡಿದ.

"ತಲಿಗೆ ಏನಾತಪ? ಪೆಟ್ಟು ಬಿತ್ತೇನು?"

ನಮ್ಮ ಮನೆಯ ಮಾತು, ಅಪ್ಪನದ್ದೇ ಎಳೆತ. ಹಣೆ ಮುಟ್ಟಿ ನೋಡಿದೆ, ಪಟ್ಟಿ ಹಾಗೇ ಇತ್ತು. ಉತ್ತರ ಬಾಯಿಯವರೆಗೆ ಬಂತು. ಆದರೆ ಬಸ್ಸಿನ ತುಂಬ ಜನ, ಅಭ್ಯಾಸ ಬೇರೆ.

"ಎಂತ ಇಲ್ಲ ಮಾರಾಯ್ರೆ, ಆಟದ್ದು," ಎಂದೆ.

ಅವನೂ ಕೂಡಲೇ ಧ್ವನಿ ಬದಲಿಸಿದ. ಒಳ್ಳೆಯ, ಸ್ಪಷ್ಟ ಉಚ್ಚಾರದ ಕರಾವಳಿಯ ಕನ್ನಡ.

"ಹಾಗಾ? ಸ್ವಲ್ಪ ಮುಂದೆ ಹೋಗಿ, ಸೀಟ್ ಉಂಟು."